ಲಘು ಗುರುಗಳ ಸಾಲು ತಪ್ಪುವ ಪರಿ: ಕನ್ನಡ ಬರಹ ಮತ್ತು ಸಮ ಅಗಲದ ಅಕ್ಷರಶೈಲಿ

ಹಳಗನ್ನಡ ಮತ್ತು ನಡುಗನ್ನಡ ಕಾವ್ಯಗಳ ಛಂದಸ್ಸನ್ನು ಕುರಿತ ಯಾವುದೇ ಮಹಾಪ್ರಬಂಧದಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ತೋರಿಸುವ ಪುಟಗಳು ಇದ್ದೇ ಇರುತ್ತವೆ. ಕೆಳಗಿನ ಸಾಲಿನಲ್ಲಿ ಪದ್ಯದ ಅಕ್ಷರಗಳು, ಮೇಲಿನ ಸಾಲಿನಲ್ಲಿ ಲಘುವಿಗೆ ಬಟ್ಟಲಿನಾಕಾರದ ಗುರುತು, ಗುರುವಿಗೆ ಅಡ್ಡಗೆರೆ. ಕುಷ್ಟಗಿ ತಾಲೂಕಿನ ಹನುಮಸಾಗರದಂತಹ ಹೋಬಳಿ ಕೇಂದ್ರದಲ್ಲಿ ನೆಲೆಸಿ ಅಧ್ಯಯನ ನಡೆಸುವ ಸಂಶೋಧಕರು ಈ ಪುಟಗಳನ್ನು ಕೈಬರಹದಲ್ಲಿ ಸಿದ್ಧಪಡಿಸಿ ಊರಿನ ಡಿಟಿಪಿ ಅಂಗಡಿಗೆ ಒಪ್ಪಿಸುವುದು ವಾಡಿಕೆ. ಅಲ್ಲಿ ಕೀಲಿಮಣೆಯ ಮುಂದೆ ಕುಳಿತವರು ಖಾಲಿ ಜಾಗದ ಕೀಲಿಯನ್ನು ಒತ್ತುತ್ತ, ಕಣ್ಣಳತೆಯಿಂದಲೇ ಒಂದೊಂದು ಗುರುತನ್ನೂ ಅದರ ಅಕ್ಷರದ ತಲೆಯ ಮೇಲೆ ತಂದು ನಿಲ್ಲಿಸುತ್ತಾರೆ. ಆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದೇ ಕಡತ ಮಾರ್ಗದರ್ಶಕರ ಗಣಕಯಂತ್ರದಲ್ಲಿ ತೆರೆದುಕೊಂಡಾಗ, ಅಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ, ಯಂತ್ರವು ಬೇರೊಂದನ್ನು ಅದರ ಸ್ಥಾನದಲ್ಲಿ ಕೂರಿಸುತ್ತದೆ. ಕೆಳಗಿನ ಸಾಲು ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಮೇಲಿನ ಸಾಲು ಅದನ್ನು ಹಿಂಬಾಲಿಸುವುದಿಲ್ಲ.

ಇದನ್ನು ಕೇವಲ ಮುದ್ರಣದ ಅಂದಗೇಡು ಎಂದು ಭಾವಿಸುವಂತಿಲ್ಲ. ಕಂದಪದ್ಯವನ್ನೇ ನೋಡಬಹುದು. ಅದರ ಒಂದು ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಅಂತಹವೇ ಐದು ಗಣಗಳು. ಒಟ್ಟು 64 ಮಾತ್ರೆಗಳು. ಪ್ರತಿ ಅರ್ಧದ ಆರನೆಯ ಗಣ, ಎಂದರೆ ಎರಡು ಮತ್ತು ನಾಲ್ಕನೆಯ ಪಾದಗಳ ಮೂರನೆಯ ಗಣ, ಜಗಣವಾಗಿರಬೇಕು ಅಥವಾ ನಾಲ್ಕೂ ಲಘುಗಳಿಂದ ಕೂಡಿರಬೇಕು. ಬೆಸ ಸ್ಥಾನದ ಗಣಗಳಲ್ಲಿ ಜಗಣ ಬರಬಾರದು. ನಡುವಿನ ಗುರುವಿನ ಗುರುತು ಒಂದೇ ಅಕ್ಷರದಷ್ಟು ಎಡಕ್ಕೆ ಸರಿದರೆ ಜಗಣವು ಭಗಣವಾಗಿ ಕಾಣುತ್ತದೆ. ಆಗ ಓದುಗನಿಗೆ ತೋರುವುದು ಡಿಟಿಪಿಯ ದೋಷವಲ್ಲ, ಕವಿಯ ಛಂದೋಭಂಗ. ಗ್ರಂಥಸಂಪಾದನೆಯಲ್ಲಿ ಎರಡು ಪಾಠಾಂತರಗಳ ನಡುವೆ ಯಾವುದು ಗ್ರಾಹ್ಯ ಎಂಬ ನಿರ್ಣಯ ಎಷ್ಟೋ ಸಲ ಛಂದಸ್ಸಿನ ಆಧಾರದ ಮೇಲೆಯೇ ನಿಂತಿರುತ್ತದೆ. ಸರಿದ ಗುರುತು ಸರಿಯಾದ ಪಾಠವನ್ನೇ ಸಂಶಯಕ್ಕೆ ಈಡುಮಾಡಬಲ್ಲದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯ ತರುವಾಯ ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ‘ಶೋಧಗಂಗಾ’ ಭಂಡಾರವನ್ನು ಸೇರುತ್ತಿವೆ. ಒಂದು ಕಾಲಕ್ಕೆ ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತಿದ್ದ ತಪ್ಪು ಇಂದು ಎಲ್ಲೆಡೆಯ ವಿದ್ಯಾರ್ಥಿಗಳಿಗೂ ಮಾದರಿಯಾಗುತ್ತದೆ.

ಈ ತೊಡಕಿಗೆ ಸಾಮಾನ್ಯವಾಗಿ ಕೇಳಿಬರುವ ಪರಿಹಾರ ಒಂದೇ: ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ, ‘ಮೊನೊಸ್ಪೇಸ್’ ಎಂದು ಕರೆಯಲಾಗುವ ಅಕ್ಷರಶೈಲಿಯನ್ನು ಬಳಸುವುದು. ಸಲಹೆ ಇಂಗ್ಲಿಷಿನ ಅನುಭವದಿಂದ ಬಂದದ್ದು. ಬೆರಳಚ್ಚು ಯಂತ್ರದ ಗಾಡಿ ಪ್ರತಿ ಹೊಡೆತಕ್ಕೂ ಒಂದೇ ಅಳತೆಯಷ್ಟು ಸರಿಯುತ್ತಿದ್ದುದರಿಂದ ರೋಮನ್ ಲಿಪಿಯ ಕಿರಿದಾದ ‘ಐ’ ಅಕ್ಷರಕ್ಕೂ ವಿಶಾಲವಾದ ‘ಎಂ’ ಅಕ್ಷರಕ್ಕೂ ಸಮಾನ ಜಾಗ ಕೊಡಬೇಕಾಯಿತು. 1950ರ ದಶಕದ ನಡುವಿನಲ್ಲಿ ಐಬಿಎಂ ಸಂಸ್ಥೆಗಾಗಿ ಹೊವರ್ಡ್ ಕೆಟ್ಲರ್ ರೂಪಿಸಿದ ‘ಕೊರಿಯರ್’ ಇದರ ಪ್ರಸಿದ್ಧ ನಿದರ್ಶನ. 12 ಪಾಯಿಂಟಿನ ಕೊರಿಯರ್‌ನಲ್ಲಿ ಒಂದು ಅಂಗುಲಕ್ಕೆ ಸರಿಯಾಗಿ 10 ಅಕ್ಷರಗಳು. ಮೇಲಿನ ಸಾಲಿನ ಏಳನೆಯ ಅಕ್ಷರ ಕೆಳಗಿನ ಸಾಲಿನ ಏಳನೆಯದರ ಮೇಲೆ ತಪ್ಪದೆ ನಿಲ್ಲುತ್ತದೆ. ರೋಮನ್ ಲಿಪಿಯಲ್ಲಿ ಕೀಲಿಯ ಒಂದು ಹೊಡೆತ, ಗಣಕದ ಒಂದು ಸಂಕೇತ, ಕಾಗದದ ಮೇಲಿನ ಒಂದು ಆಕೃತಿ, ಈ ಮೂರೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಇದು ಸಾಧ್ಯವಾಯಿತು.

ಕನ್ನಡದಲ್ಲಿ ಈ ಮೂರೂ ಒಂದೇ ಅಲ್ಲ. ‘ಸ್ತ್ರೀ’ ಎಂಬುದು ಛಂದಸ್ಸಿಗೆ ಒಂದು ಅಕ್ಷರ. ಯುನಿಕೋಡ್ ಕ್ರಮದಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಎಂಬ ಆರು ಸಂಕೇತಗಳ ಸಮೂಹ. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮೊದಲಾದ ತಂತ್ರಾಂಶಗಳ ಯುನಿಕೋಡೇತರ ಶೈಲಿಗಳಲ್ಲಿ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿ ಸಂಕೇತ ಇದ್ದದ್ದು ಅಕ್ಷರಕ್ಕಲ್ಲ, ಅಕ್ಷರದ ತುಂಡುಗಳಿಗೆ. ನುಡಿಯ ಹಳೆಯ ಕಡತದಲ್ಲಿ ‘ಮ’ ಎಂಬ ಸರಳ ವ್ಯಂಜನ ಮೂರು ತುಂಡುಗಳಾಗಿ ಶೇಖರವಾಗಿರುತ್ತದೆ: ವಕಾರದ ಒಡಲು, ತಲೆಕಟ್ಟು, ಉಕಾರದ ಕೊಂಬು. ಈ ತಂತ್ರಾಂಶಗಳು ಕನ್ನಡ ಮುದ್ರಣಕ್ಕೆ ಮಾಡಿದ ಉಪಕಾರ ದೊಡ್ಡದು; ಆ ಕಾಲದ ಯಂತ್ರಗಳ ಮಿತಿಯೊಳಗೆ ಬೇರೆ ದಾರಿ ಇರಲಿಲ್ಲ. ಆದರೆ ತುಂಡುಗಳನ್ನು ಎಣಿಸುವ ಯಂತ್ರಕ್ಕೆ ಅಕ್ಷರಗಳನ್ನು ಸಾಲುಗೂಡಿಸುವ ಕೆಲಸ ಒಪ್ಪಿಸಿದರೆ ಫಲ ಏನಾದೀತು ಎಂಬುದನ್ನು ವಿವರಿಸಬೇಕಿಲ್ಲ.

ಆಕೃತಿಯ ತೊಡಕು ಬೇರೆಯೇ ಇದೆ. ರ, ಗ ಕಿರಿದಾದವು. ಝ, ಮ, ಯ ವಿಶಾಲವಾದವು. ಏತ್ವ ಓತ್ವಗಳ ದೀರ್ಘ ಬಲಕ್ಕೆ ಚಾಚುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದಲ್ಲದೆ, ಎರಡು ಒತ್ತುಗಳು ಕೂಡಿದಾಗ ಬಲಕ್ಕೂ ಸರಿಯುತ್ತದೆ. ಅರ್ಕಾವತ್ತಂತೂ ಉಚ್ಚಾರದಲ್ಲಿ ಮೊದಲು ಬಂದರೂ ಬರಹದಲ್ಲಿ ವ್ಯಂಜನದ ನಂತರ ಕೂರುತ್ತದೆ. ಇವೆಲ್ಲವನ್ನೂ ಒಂದೇ ಅಗಲದ ಚೌಕದಲ್ಲಿ ತುರುಕಿದರೆ ರಕಾರ ಎಳೆದ ರಬ್ಬರಿನಂತೆಯೂ ಝಕಾರ ಹಿಂಡಿದ ಬಟ್ಟೆಯಂತೆಯೂ ತೋರುತ್ತದೆ. ಕನ್ನಡ ಬೆರಳಚ್ಚು ಯಂತ್ರವನ್ನು ರೂಪಿಸಿದ ಕೆ. ಅನಂತಸುಬ್ಬರಾವ್ ಅವರ ಎದುರಿಗಿದ್ದುದು ಇದೇ ಸಮಸ್ಯೆ. ಒತ್ತುಗಳಂತಹ ಚಿಹ್ನೆಗಳಿಗೆ ಗಾಡಿಯನ್ನು ಚಲಿಸದ ಕೀಲಿಗಳನ್ನು ಕೊಟ್ಟು, ಅಕ್ಷರವನ್ನು ತುಂಡುಗಳಿಂದ ಕಟ್ಟುವ ಉಪಾಯದಿಂದ ಆ ಯಂತ್ರ ಕೆಲಸ ಮಾಡಿತು. ಬೆರಳಚ್ಚಾದ ಹಳೆಯ ಪ್ರಬಂಧಗಳ ಪುಟಗಳನ್ನು ನೋಡಿದವರಿಗೆ ಆ ಅಕ್ಷರಗಳ ನಡುವಿನ ಏರುಪೇರು ನೆನಪಿರುತ್ತದೆ. ಅದು ಓದಲು ಬರುತ್ತಿತ್ತು. ಚೆಲುವಾಗಿತ್ತೆಂದು ಹೇಳುವುದು ಕಷ್ಟ.

ಇದೇ ಅನಂತಸುಬ್ಬರಾವ್ ಅವರ ಹೆಸರು ಇನ್ನೊಂದು ಸಂದರ್ಭದಲ್ಲಿಯೂ ಎದುರಾಗುತ್ತದೆ. 1953ರಲ್ಲಿ ಪ್ರಕಟವಾದ, ಕುಮುದೇಂದುವಿನದೆನ್ನಲಾದ ‘ಸಿರಿಭೂವಲಯ’ದ ಸಂಪಾದನಾ ಕಾರ್ಯದಲ್ಲಿ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಅವರೊಡನೆ ಅವರೂ ಇದ್ದರು. ಆ ಕೃತಿಯ ಕಾಲ, ಸ್ವರೂಪಗಳ ಬಗೆಗೆ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯಗಳಿವೆ; ಅವುಗಳ ವಿಚಾರ ಇಲ್ಲಿ ಅಪ್ರಸ್ತುತ. ಗಮನಿಸಬೇಕಾದದ್ದು ಅದರ ವಿನ್ಯಾಸವನ್ನು ಮಾತ್ರ. 27 ಅಡ್ಡ, 27 ಉದ್ದದ ಚಕ್ರ, ಅದರಲ್ಲಿ 729 ಮನೆಗಳು, ಒಂದೊಂದು ಮನೆಯಲ್ಲಿ 1ರಿಂದ 64ರವರೆಗಿನ ಒಂದು ಅಂಕ, ಒಂದೊಂದು ಅಂಕಕ್ಕೆ ಒಂದು ಧ್ವನಿ. ಬೆರಳಚ್ಚು ಯಂತ್ರದ ಮನೆಗಳೊಡನೆ ಸೆಣಸಿದ ವ್ಯಕ್ತಿಯನ್ನು ಈ ಮನೆಗಳು ಸೆಳೆದದ್ದು ಆಕಸ್ಮಿಕವಿರಲಾರದು.

ಚಿತ್ರಕವಿತ್ವದ ಪರಂಪರೆಯೂ ಇದನ್ನೇ ಹೇಳುತ್ತದೆ. ಭಾರವಿಯ ‘ಕಿರಾತಾರ್ಜುನೀಯ’ದ 15ನೆಯ ಸರ್ಗದ ಸರ್ವತೋಭದ್ರ ಬಂಧವನ್ನು 8 ಅಡ್ಡ, 8 ಉದ್ದದ ಮನೆಗಳಲ್ಲಿ ಬರೆದುಕೊಂಡು ನಾಲ್ಕೂ ದಿಕ್ಕಿನಿಂದ ಓದಬಹುದು. ಅಲ್ಲಿ ಒಂದು ಮನೆಗೆ ಒಂದು ಅಕ್ಷರ. ಅಕ್ಷರ ಕಿರಿದೋ ಹಿರಿದೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಮನೆಯ ಗೆರೆ ಮೊದಲು, ಅಕ್ಷರ ನಂತರ. ಛಂದಶ್ಶಾಸ್ತ್ರದಲ್ಲಿ ಮೂಲತಃ ಪ್ರಸ್ತಾರವೆಂದರೆ ಲಘು ಗುರುಗಳ ಎಲ್ಲ ಸಾಧ್ಯ ವಿನ್ಯಾಸಗಳನ್ನು ಕ್ರಮವಾಗಿ ಹರಡುವುದು. ಮೂರು ಅಕ್ಷರಕ್ಕೆ 8, ನಾಲ್ಕಕ್ಕೆ 16, ಆರಕ್ಕೆ 64. ಆ ಪಟ್ಟಿಯನ್ನೂ ಕಂಬಸಾಲಿನಲ್ಲಿ ಕೆಳಮುಖವಾಗಿ ಓದಿದಾಗಲೇ ಅದರ ನಿಯಮ ಕಣ್ಣಿಗೆ ಹೊಳೆಯುತ್ತದೆ. ಭಾರತೀಯ ಪರಂಪರೆಯಲ್ಲಿ ಸಾಲುಗೂಡಿಕೆ ಅಕ್ಷರದ ಅಗಲದಿಂದ ಹುಟ್ಟಿದ್ದಲ್ಲ, ಮನೆಯ ಕಲ್ಪನೆಯಿಂದ ಹುಟ್ಟಿದ್ದು.

ಓಲೆಗರಿಗಳಲ್ಲಿ ಪದ್ಯವನ್ನು ಪಾದ ಬಿಡಿಸದೆ ಎಡೆಬಿಡದೆ ಬರೆಯುತ್ತಿದ್ದುದರಿಂದ ಅಲ್ಲಿ ಈ ಪ್ರಶ್ನೆ ಇರಲಿಲ್ಲ. ಮುದ್ರಣದೊಡನೆ ಅದು ಬಂತು. ಕಿಟೆಲ್ ಅವರು ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದ ಕಾಲದ ಸೀಸದ ಮೊಳೆಗಳ ವ್ಯವಸ್ಥೆಯಲ್ಲಿ ಮೊಳೆ ಜೋಡಿಸುವವನು ಗುರುತುಗಳ ನಡುವೆ ಲೋಹದ ತುಂಡುಗಳನ್ನು ಇಟ್ಟು ಬಿಗಿದುಬಿಟ್ಟರೆ ಮುಗಿಯಿತು. ಆ ಪುಟ ಮತ್ತೆ ಅಲುಗಾಡುವಂತಿಲ್ಲ. ಇಂದು ಅಂಗಡಿಯಲ್ಲಿ ಒತ್ತುವ ಖಾಲಿ ಜಾಗ ಆ ಲೋಹದ ತುಂಡಿನ ನೆನಪು ಮಾತ್ರ, ಅದಕ್ಕೆ ಬಿಗಿತವಿಲ್ಲ. ಹನುಮಸಾಗರದ ಸೀಮೆಯವರಿಗೆ ಹತ್ತಿರದ ಇಳಕಲ್ಲಿನ ಸೀರೆಯಿಂದ ಈ ಅಂತರವನ್ನು ತಿಳಿಸಬಹುದು. ಅಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆಗೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಲಘು ಗುರುಗಳ ಗುರುತಿಗೂ ಅದರ ಅಕ್ಷರಕ್ಕೂ ಅಂತಹ ಕೊಂಡಿ ಬೇಕು. ಖಾಲಿ ಜಾಗ ಅವೆರಡನ್ನೂ ಪಕ್ಕಪಕ್ಕದಲ್ಲಿ ಇಡುತ್ತದೆ, ಕಟ್ಟುವುದಿಲ್ಲ.

ಸಮ ಅಗಲದ ಸುಂದರವಾದ ಕನ್ನಡ ಶೈಲಿಯೊಂದು ಸಿದ್ಧವಾಯಿತೆಂದೇ ಇಟ್ಟುಕೊಳ್ಳೋಣ. ಅದು ಅಸಾಧ್ಯವೇನಲ್ಲ. ಚೀನೀ ಮತ್ತು ಜಪಾನೀ ಬರಹದಲ್ಲಿ ಪೂರ್ಣ ಅಗಲದ ಅಕ್ಷರಕ್ಕೆ ರೋಮನ್ ಅಕ್ಷರದ ಎರಡು ಮನೆ ಎಂಬ ಒಪ್ಪಂದ ನಡೆದುಬಂದಿದೆ. ಥಾಯ್ ಭಾಷೆಯ ಸಮ ಅಗಲದ ಶೈಲಿಗಳಲ್ಲಿ ಅಕ್ಷರದ ಮೇಲೆ ಕೆಳಗೆ ಕೂರುವ ಚಿಹ್ನೆಗಳಿಗೆ ಶೂನ್ಯ ಅಗಲ. ಕನ್ನಡದಲ್ಲಿಯೂ ‘ರ’ಕ್ಕೆ ಒಂದು ಮನೆ, ‘ಮ’ಕ್ಕೆ ಎರಡು, ‘ಯೋ’ಗೆ ಮೂರು ಎಂದು ಪೂರ್ಣಾಂಕದ ಅಳತೆಯಲ್ಲಿ ವಿನ್ಯಾಸ ಮಾಡಿದರೆ ಅಕ್ಷರದ ದುಂಡುತನ ಉಳಿದೀತು. ಗಣಕ ಕ್ರಮವಿಧಿಗಳನ್ನು ಬರೆಯುವವರಿಗೆ ಅದು ಉಪಯುಕ್ತ. ಆದರೆ ಛಂದಸ್ಸಿನ ವಿದ್ಯಾರ್ಥಿಗೆ ಅದರಿಂದ ದೊರೆಯುವ ಲಾಭ ಅತ್ಯಲ್ಪ.

ಕಾರಣ, ಗುರು ಲಘುತ್ವ ಅಕ್ಷರದ ಆಕೃತಿಯಲ್ಲಿ ಇಲ್ಲ. ‘ಕರ್ಣ’ ಎಂಬಲ್ಲಿ ‘ಕ’ ನೋಡಲು ಹ್ರಸ್ವ, ಅಗಲದಲ್ಲಿ ಕಿರಿದು. ಮುಂದಿನದು ಒತ್ತಕ್ಷರವಾದ್ದರಿಂದ ಅದು ಗುರು. ಅಗಲವಾಗಿ ಹರಡಿಕೊಂಡಿರುವ ‘ರ್ಣ’ ಲಘು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ 3, 4, 3, 4 ಎಂದು 14 ಮಾತ್ರೆ, ಮೂರು ಮತ್ತು ಆರನೆಯ ಪಾದಗಳಲ್ಲಿ ಅದರ ಒಂದೂವರೆ ಪಟ್ಟಿನ ಮೇಲೆ ಒಂದು ಗುರು, ಎಂದರೆ 23, ಒಟ್ಟು 102. ಈ ಲೆಕ್ಕದಲ್ಲಿ ಅಳತೆಗೋಲು ಅಕ್ಷರವೂ ಅಲ್ಲ, ಮಾತ್ರೆ. ಒಂದು ಮಾತ್ರೆಗೆ ಒಂದು ಮನೆ ಎಂದರೆ ಗುರು ಎರಡು ಮನೆಗಳನ್ನು ಆಕ್ರಮಿಸಬೇಕು, ಮತ್ತು ಒಂದೇ ‘ಕ’ ಒಮ್ಮೆ ಒಂದು ಮನೆಯಲ್ಲಿ, ಒಮ್ಮೆ ಎರಡು ಮನೆಯಲ್ಲಿ ಇರಬೇಕು. ಯಾವ ಅಕ್ಷರಶೈಲಿಯೂ ಇದನ್ನು ತಾನಾಗಿ ಮಾಡಲಾರದು. ಮುಂದಿನ ಅಕ್ಷರವನ್ನು ನೋಡಿ ನಿರ್ಧರಿಸುವ ಶಕ್ತಿಯನ್ನು ಯಂತ್ರಕ್ಕೆ ಕೊಟ್ಟರೂ ಹಳಗನ್ನಡದ ಶಿಥಿಲದ್ವಿತ್ವದ ಮುಂದೆ ಅದು ಸೋಲುತ್ತದೆ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವೇಚಿಸಿರುವ ಈ ಲಕ್ಷಣದಲ್ಲಿ ಒತ್ತಕ್ಷರ ಮುಂದಿದ್ದರೂ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಅಲ್ಲಿ ಗುರುತು ಹಾಕುವುದು ವಿವೇಚನೆಯ ಕೆಲಸ. ಆ ವಿವೇಚನೆಯ ಫಲವನ್ನು ಸಂಶೋಧಕನು ಇಟ್ಟ ಜಾಗದಲ್ಲಿಯೇ ಉಳಿಸುವುದಷ್ಟೇ ದಾಖಲೆಯಿಂದ ನಿರೀಕ್ಷಿಸಬೇಕಾದದ್ದು.

ಆದ್ದರಿಂದ ‘ಯಾವ ಅಕ್ಷರಶೈಲಿಯಿಂದ ಸಾಲು ನಿಲ್ಲುತ್ತದೆ’ ಎಂಬ ಪ್ರಶ್ನೆಯೇ ಕನ್ನಡದ ಮಟ್ಟಿಗೆ ತಪ್ಪು ದಾರಿಯದು. ಸಾಲನ್ನು ನಿಲ್ಲಿಸಬೇಕಾದದ್ದು ಕೋಷ್ಟಕ. ಪದಸಂಸ್ಕರಣ ತಂತ್ರಾಂಶಗಳಲ್ಲೆಲ್ಲ ಇರುವ ಕೋಷ್ಟಕದ ಸೌಲಭ್ಯವನ್ನು ಬಳಸಿ, ಒಂದು ಮನೆಗೆ ಒಂದು ಅಕ್ಷರ, ಅದರ ಮೇಲಿನ ಮನೆಯಲ್ಲಿ ಅದರ ಗುರುತು, ಎರಡೂ ಮನೆಯ ನಡುವಿಗೆ ಹೊಂದಿಸಿ, ಗೆರೆಗಳನ್ನು ಮರೆಮಾಡಿ, ಗಣದ ಕೊನೆಯಲ್ಲಿ ಮಾತ್ರ ಲಂಬಗೆರೆಯನ್ನು ಉಳಿಸಿಕೊಂಡರೆ ಅಕ್ಷರಶೈಲಿ ಬದಲಾದರೂ ಗುರುತು ತನ್ನ ಅಕ್ಷರವನ್ನು ಬಿಟ್ಟು ಹೋಗುವುದಿಲ್ಲ. ಇದು ಹೊಸ ಆವಿಷ್ಕಾರವೇನೂ ಅಲ್ಲ. ‘ಭೂಮಿ’ ಯೋಜನೆಯಿಂದ ಬಂದ ಪಹಣಿ ಪತ್ರವನ್ನು ಹನುಮಸಾಗರದ ರೈತರೂ ಕೈಯಲ್ಲಿ ಹಿಡಿದು ಬಲ್ಲರು. ಅದರ 9ನೆಯ ಕಾಲಂನಲ್ಲಿ ಖಾತೆದಾರರ ಹೆಸರು, 11ನೆಯದರಲ್ಲಿ ಋಣ ಮತ್ತು ಇತರ ಹಕ್ಕುಗಳು. ಹೆಸರು ಎಷ್ಟೇ ಉದ್ದವಿದ್ದರೂ 9ರಿಂದ 11ಕ್ಕೆ ಜಾರುವುದಿಲ್ಲ. ಹೊಲದ ಲೆಕ್ಕಕ್ಕೆ ದೊರೆತ ಈ ಭದ್ರತೆ ಪಂಪ, ಕುಮಾರವ್ಯಾಸರ ಪದ್ಯಗಳ ಲೆಕ್ಕಕ್ಕೆ ದೊರೆಯಬಾರದೇಕೆ?

ಶಾಸನಪಾಠಗಳ ವಿಷಯ ಸ್ವಲ್ಪ ಭಿನ್ನ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದ ಕೊಪಣದ ಪರಿಸರ ಶಾಸನಗಳಿಂದ ಸಮೃದ್ಧವಾದದ್ದು, ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳಿಂದ ಹಿಡಿದು 1112ರ ಇಟಗಿಯ ಮಹಾದೇವ ದೇವಾಲಯದ ಶಾಸನದವರೆಗೆ. ಪಾಠವನ್ನು ಅಚ್ಚಿಸುವಾಗ ಕಲ್ಲಿನ ಸಾಲುಗಳಿಗೆ ಅಂಕೆ ಹಾಕಿ, ಅಳಿಸಿಹೋದ ಅಕ್ಷರಗಳಿಗೆ ಚುಕ್ಕೆಗಳನ್ನಿಡುವುದು ಪದ್ಧತಿ. ಇಲ್ಲಿಯಾದರೂ ಸಮ ಅಗಲದ ಶೈಲಿ ಬೇಕಲ್ಲವೇ, ಮೇಲಿನ ಸಾಲಿನೊಡನೆ ಹೋಲಿಸಿ ಎಷ್ಟು ಅಕ್ಷರ ನಷ್ಟವಾಗಿದೆ ಎಂದು ಊಹಿಸಬಹುದಲ್ಲವೇ ಎಂಬ ವಾದಕ್ಕೆ ಮೇಲ್ನೋಟಕ್ಕೆ ಬಲವಿದೆ. ಪ್ರಾಚೀನ ಗ್ರೀಕರ ಕೆಲವು ಶಾಸನಗಳಲ್ಲಿ ಅಕ್ಷರಗಳನ್ನು ಅಡ್ಡಕ್ಕೂ ಕೆಳಕ್ಕೂ ಸಾಲಾಗಿ ಮನೆಯಲ್ಲಿಟ್ಟಂತೆ ಕಂಡರಿಸಿದ್ದಾರೆ. ಅಲ್ಲಿ ಒಡೆದ ಭಾಗದ ಅಕ್ಷರಗಳನ್ನು ಖಚಿತವಾಗಿ ಎಣಿಸಬಹುದು. ಕನ್ನಡ ಶಾಸನಗಳ ರೂವಾರಿಗಳು ಹಾಗೆ ಕಂಡರಿಸಲಿಲ್ಲ. ಅಕ್ಷರಕ್ಕೆ ಬೇಕಾದಷ್ಟು ಜಾಗ ಕೊಟ್ಟರು, ಅಂಚಿನಲ್ಲಿ ಇಕ್ಕಟ್ಟಾದರೆ ಒತ್ತೊತ್ತಾಗಿ ಬರೆದರು. ಅಂತಹ ಪಾಠವನ್ನು ಸಮ ಅಗಲದಲ್ಲಿ ಅಚ್ಚಿಸಿದರೆ ಕಲ್ಲಿನ ಮೇಲಿಲ್ಲದ ಕ್ರಮಬದ್ಧತೆಯನ್ನು ಪುಟದ ಮೇಲೆ ಹುಟ್ಟಿಸಿದಂತಾಗುತ್ತದೆ. ನಷ್ಟದ ಅಳತೆಗೆ ಪಡಿಯಚ್ಚೇ ಆಧಾರ. ಅಚ್ಚಿನಲ್ಲಿ ಬೇಕಾದದ್ದು ಸಮ ಅಗಲದ ಅಂಕೆಗಳು ಮಾತ್ರ. ಸಾಲುಸಂಖ್ಯೆ 9 ಮತ್ತು 10 ಒಂದರ ಕೆಳಗೊಂದು ನೇರವಾಗಿ ನಿಲ್ಲಲು ಅಷ್ಟು ಸಾಕು.

ಹಾಗಾದರೆ ಅಕ್ಷರಶೈಲಿಯ ಆಯ್ಕೆ ಅಮುಖ್ಯವೇ? ಅಲ್ಲ. ಸಾಲುಗೂಡಿಸುವ ಹೊರೆಯನ್ನು ಅದರ ತಲೆಯಿಂದ ಇಳಿಸಿದ ಮೇಲೆ ಚೆಲುವು ಮತ್ತು ಸ್ಪಷ್ಟತೆಗಳನ್ನು ನೋಡಿ ಆರಿಸುವ ಸ್ವಾತಂತ್ರ್ಯ ಸಂಶೋಧಕನಿಗೆ ಬರುತ್ತದೆ. ಹಳಗನ್ನಡಕ್ಕೆ ಮೊದಲ ಪರೀಕ್ಷೆ ಱ ಮತ್ತು ೞ. ಯುನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರು ಬಿದ್ದು, ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದ ಹಾಗೆಯೇ ಉಳಿದಿದೆ. ಅಕ್ಷರ ಮಾತ್ರ ಸರಿಯಾದದ್ದೇ. ಆರಿಸಿದ ಶೈಲಿಯಲ್ಲಿ ಅದರ ಒತ್ತುರೂಪವೂ ಸರಿಯಾಗಿ ಮೂಡುತ್ತದೆಯೇ ಎಂದು ನೋಡಿಕೊಳ್ಳಬೇಕು. ವಿಂಡೋಸ್‌ನೊಡನೆ ಬಂದ ತುಂಗಾ ಎಲ್ಲೆಡೆ ದೊರೆಯುವುದೇ ಅದರ ಗುಣ. ದೀರ್ಘ ಓದಿಗೆ ಅದು ತೆಳುವು. ನೋಟೊ ಸೆರಿಫ್ ಕನ್ನಡ ಮತ್ತು ತಿರೊ ಕನ್ನಡ ಪುಸ್ತಕದ ಪುಟಕ್ಕೆ ಒಪ್ಪುತ್ತವೆ. ಅನೇಕ್ ಕನ್ನಡದಲ್ಲಿ ಅಕ್ಷರದ ಅಗಲವನ್ನೇ ಹಿಗ್ಗಿಸುವ, ಕುಗ್ಗಿಸುವ ಅನುಕೂಲವಿರುವುದರಿಂದ ಇಕ್ಕಟ್ಟಾದ ಕೋಷ್ಟಕಗಳಿಗೆ ಅದು ಯೋಗ್ಯ. ಇವೆಲ್ಲವೂ ಉಚಿತವಾಗಿ ದೊರೆಯುವಾಗ ಅಂಗಡಿಯ ಯಂತ್ರದಲ್ಲಿ ಯಾವುದಿದೆಯೋ ಅದೇ ಸಾಕೆನ್ನುವುದು ಉದಾಸೀನ.

ಲಘು ಗುರುಗಳ ಗುರುತುಗಳಿಗೂ ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳಿವೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಬಹುಪಾಲು ಕನ್ನಡ ಶೈಲಿಗಳಲ್ಲಿ ಅವುಗಳ ಆಕೃತಿ ಇಲ್ಲದ ಕಾರಣ ಯಂತ್ರ ಬೇರೆ ಶೈಲಿಯಿಂದ ಎರವಲು ತರುತ್ತದೆ. ಖಾಲಿ ಜಾಗದಿಂದ ಜೋಡಿಸಿದ ಸಾಲು ಮುರಿಯಲು ಈ ಎರವಲೂ ಒಂದು ಕಾರಣ. ಸಮ ಅಗಲದ ಕನ್ನಡ ಶೈಲಿಯೊಂದು ಬೇಕೆಂದು ಸಂಸ್ಥೆಗಳ ಮುಂದೆ ಬೇಡಿಕೆ ಇಡುವುದಕ್ಕಿಂತ, ಈಗಿರುವ ಒಳ್ಳೆಯ ಶೈಲಿಗಳಿಗೆ ಈ ಹತ್ತು ಹನ್ನೆರಡು ಆಕೃತಿಗಳನ್ನು ಸೇರಿಸಿಕೊಡಿ ಎಂದು ಕೇಳುವುದು ಹೆಚ್ಚು ವಿವೇಕದ್ದು, ಹೆಚ್ಚು ಅಗ್ಗದ್ದು ಕೂಡ.

ಮಹಾಪ್ರಬಂಧದ ನಿಯಮಗಳು ಸಾಮಾನ್ಯವಾಗಿ ಅಕ್ಷರದ ಗಾತ್ರ, ಸಾಲುಗಳ ಅಂತರ, ಅಂಚಿನ ಅಳತೆ, ರಟ್ಟಿನ ಬಣ್ಣಗಳಿಗೆ ನಿಂತುಬಿಡುತ್ತವೆ. ಪಿಎಚ್.ಡಿ. ಪೂರ್ವ ಅಧ್ಯಯನ ಕ್ರಮದಲ್ಲಿ ಕನ್ನಡ ವಿಭಾಗಗಳು ಒಂದು ದಿನವನ್ನು ಈ ಕೆಲಸಕ್ಕೆ ಮೀಸಲಿಡಬಹುದು. ಅಂಗಡಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರಿಗೆ ಛಂದಸ್ಸು ಗೊತ್ತಿರಬೇಕೆಂದಿಲ್ಲ. ಗೊತ್ತಿದ್ದವರು ಕೈಬರಹದಲ್ಲಿಯೇ ಮನೆ ಹಾಕಿ ಕೊಟ್ಟರೆ ಅವರು ಹಾಗೆಯೇ ಕೂರಿಸುತ್ತಾರೆ. ಅಳತೆಯೂ ಕಷ್ಟದ್ದಲ್ಲ. ಎ4 ಹಾಳೆಯಲ್ಲಿ ರಟ್ಟಿನ ಕಡೆಗೆ 4, ಇನ್ನೊಂದು ಕಡೆಗೆ ಎರಡೂವರೆ ಸೆಂಟಿಮೀಟರ್ ಬಿಟ್ಟರೆ ಹದಿನಾಲ್ಕೂವರೆ ಉಳಿಯುತ್ತದೆ. ಕಂದದ ದೊಡ್ಡ ಪಾದ ಎಲ್ಲವೂ ಲಘುವಾದರೂ 20 ಮನೆಗಳನ್ನು ಮೀರದು. ಒಂದೊಂದಕ್ಕೆ ಏಳು ಮಿಲಿಮೀಟರಿಗೂ ಹೆಚ್ಚು. ಮಹಾಸ್ರಗ್ಧರೆಯ 22 ಅಕ್ಷರಗಳಿಗೆ ಆರೂವರೆ ಮಿಲಿಮೀಟರಿನ ಮನೆ ಸಿಗುತ್ತದೆ. ದೊಡ್ಡ ಒತ್ತಕ್ಷರಗಳಿಗೆ ಅದು ಇಕ್ಕಟ್ಟು. ಅಂತಹ ಪಾದವನ್ನು ನಾಲ್ಕನೆಯ ಗಣ ಮುಗಿಯುವ 12ನೆಯ ಅಕ್ಷರದಲ್ಲಿ ಮುರಿದು ಉಳಿದ ಹತ್ತನ್ನು ಕೆಳಗಿನ ಸಾಲಿಗೆ ತರಬೇಕು, ಇಲ್ಲವೇ ಆ ಒಂದು ಪುಟವನ್ನು ಅಡ್ಡಲಾಗಿ ಅಚ್ಚಿಸಬೇಕು. ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಪಿಡಿಎಫ್ ಪ್ರತಿಯಲ್ಲಿ ಅಕ್ಷರಶೈಲಿಯನ್ನು ಕಡತದೊಳಗೇ ಅಡಕಗೊಳಿಸಿರುವುದನ್ನು ಸಂಶೋಧಕರು ಅಂಗಡಿ ಬಿಡುವ ಮೊದಲು ಖಚಿತಪಡಿಸಿಕೊಳ್ಳಬೇಕು.